ಅಚ್ಚು ಯಾರ ಕೈಯಲ್ಲಿದೆ?

ಬಂಗಾರಪೇಟೆ ರೈಲು ನಿಲ್ದಾಣದ ಹೊರಗೆ ಚಪ್ಪಲಿ ಹೊಲಿಯುವವರೊಬ್ಬರ ಎದುರು ಈಚೆಗೆ ಕಾಲು ಗಂಟೆ ಒಂಟಿಗಾಲಲ್ಲಿ ನಿಲ್ಲಬೇಕಾಯಿತು. ಚಪ್ಪಲಿಯ ಉಂಗುಷ್ಟ ಕಿತ್ತುಬಂದಿತ್ತು. ಅವರು ಅದನ್ನು ಮೂರು ಕೊಂಬಿನ ಕಬ್ಬಿಣದ ಅಚ್ಚಿನ ಮೇಲೆ ಬೋರಲು ಹಾಕಿ, ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದರು. ‘ಇದು ಹೊಲಿಗೆ ಹಿಡಿಯಲ್ಲ ಸಾರ್. ಒಂದೇ ಸಲ ಅಚ್ಚಲ್ಲಿ ಹುಯ್ದಿರೋದು. ಅಂಟು ಹಾಕಿ ಕೊಡ್ತೀನಿ, ಎಷ್ಟು ದಿನ ಬರುತ್ತೋ ಬರಲಿ.’ ಮೂವತ್ತು ರೂಪಾಯಿ ಕೊಟ್ಟು ರೈಲು ಹತ್ತಿದೆ. ಹೊಲಿಯಬಲ್ಲ ಕೈ ಇಲ್ಲಿದೆ. ಅದು ಏನನ್ನು ಹೊಲಿಯಬಹುದು ಎಂಬುದು ಬೇರೆಲ್ಲೋ ತೀರ್ಮಾನವಾಗಿದೆ.

ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್‌ಗೆ (ಬಿಜಿಎಂಎಲ್) ಸೇರಿದ, ಖನಿಜವಿಲ್ಲದ ಜಮೀನಿನಲ್ಲಿ ಕೈಗಾರಿಕಾ ಪಾರ್ಕ್ ಮಾಡುವ ಮಾತು ವರ್ಷಗಳಿಂದ ನಡೆದಿದೆ. ಬೆಳಗಿನ ಜಾವ ಎದ್ದು ಬೆಂಗಳೂರಿಗೆ ರೈಲು ಹಿಡಿಯುವ ಸಾವಿರಾರು ಜನರಿಗೆ ಊರಲ್ಲೇ ಕೆಲಸ ಸಿಗುವುದಾದರೆ, ಶೂ ಕಾರ್ಖಾನೆಯಷ್ಟು ಹೆಚ್ಚು ಕೈಗಳನ್ನು ಬೇಡುವ ಉದ್ಯಮಗಳು ಕಡಿಮೆ. ಬರಲಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಕರೆಯುವ ಮುನ್ನ ಒಂದು ಮನೆತನದ ಕಥೆ ತಿಳಿದಿರುವುದು ಒಳ್ಳೆಯದು.

ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಹತ್ತು ಮೈಲಿ ಹಳಿ ಬಿದ್ದದ್ದು 1894ರಲ್ಲಿ. ಅದೇ ವರ್ಷ ಮೊರಾವಿಯಾದ ಝ್ಲಿನ್ ಎಂಬ ಸಣ್ಣ ಊರಿನಲ್ಲಿ, ತಲೆತಲಾಂತರದಿಂದ ಪಾದರಕ್ಷೆ ಹೊಲಿಯುತ್ತಿದ್ದ ಮನೆಯ ಹದಿನೆಂಟರ ಹುಡುಗ ತೊಮಾಶ್ ಬಾಟಾ, ಅಣ್ಣ ಆಂಟೊನಿನ್ ಮತ್ತು ಸೋದರಿ ಅನ್ನಾ ಜೊತೆ ಕಂಪನಿ ತೆರೆದ. ವರ್ಷ ತುಂಬುವಷ್ಟರಲ್ಲಿ ಸಾಲ ಕುತ್ತಿಗೆಗೆ ಬಂತು. ಚರ್ಮಕ್ಕೆ ಕಾಸಿಲ್ಲದೆ ಕ್ಯಾನ್ವಾಸ್ ಬಟ್ಟೆಗೆ ಚರ್ಮದ ಅಟ್ಟೆ ಹಾಕಿ ಮಾರಿದರು. ಬಡತನದಿಂದ ಹುಟ್ಟಿದ ಆ ಉಪಾಯವೇ ಕೈಹಿಡಿಯಿತು.

ನಮ್ಮಲ್ಲಿ ಬಾಟಾ ಎಂದರೆ ಸ್ವದೇಶಿ ಎಂದೇ ಬಹಳ ಜನ ನಂಬಿದ್ದಾರೆ. ಶಾಲೆಯ ಡ್ರಿಲ್ ದಿನದ ಬಿಳಿ ಕ್ಯಾನ್ವಾಸ್ ಶೂ, ಹಿಂದಿನ ರಾತ್ರಿ ಅದಕ್ಕೆ ಬಳಿದು ಒಣಗಲು ಇಡುತ್ತಿದ್ದ ಪಾಲಿಶ್, ಒಂಬತ್ತರಲ್ಲಿ ಬಂದು ನಿಲ್ಲುವ ‘ಬಾಟಾ ರೇಟು’. ಇಷ್ಟಾದ ಮೇಲೆ ಪರದೇಶಿ ಎನ್ನಲು ನಾಲಿಗೆ ಏಳುವುದಿಲ್ಲ.

ತೊಮಾಶ್ 1904ರಲ್ಲಿ ಅಮೆರಿಕದ ಲಿನ್ ಪಟ್ಟಣಕ್ಕೆ ಹೋಗಿ ಅಲ್ಲಿನ ಶೂ ಕಾರ್ಖಾನೆಯಲ್ಲಿ ಕೂಲಿಯಾಗಿ ದುಡಿದು ಯಂತ್ರಗಳ ಮರ್ಮ ಕಲಿತ. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಬೂಟು ಅವನನ್ನು ದೊಡ್ಡವನನ್ನಾಗಿಸಿತು. ಯುದ್ಧ ಮುಗಿದು, ಚೆಕ್ ನಾಣ್ಯದ ಬೆಲೆ ಏರಿ ರಫ್ತು ಕುಸಿದಾಗ, 1922ರಲ್ಲಿ ಶೂ ಬೆಲೆಯನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದ. ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಇದನ್ನು ಧೈರ್ಯ ಎಂದು ಹೊಗಳುತ್ತಾರೆ. ಕಾರ್ಮಿಕರ ಕೂಲಿಯನ್ನೂ ಶೇ 40ರಷ್ಟು ಕತ್ತರಿಸಿದ್ದನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಬದಲಿಗೆ ಕಂಪನಿಯೇ ದಿನಸಿಯನ್ನು ಅರ್ಧ ಬೆಲೆಗೆ ಕೊಟ್ಟಿತು. ಆಮೇಲೆ ಪ್ರತಿ ವಿಭಾಗಕ್ಕೂ ಪ್ರತ್ಯೇಕ ಲೆಕ್ಕ, ಲಾಭದಲ್ಲಿ ಪಾಲು, ಕಾರ್ಮಿಕರಿಗೆ ತೋಟವಿರುವ ಮನೆ, ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ ಬಂದವು. 6.15 ಮೀಟರ್ ಚೌಕದ ಕಾಂಕ್ರೀಟ್ ಕಂಬಗಳು, ನಡುವೆ ಕೆಂಪು ಇಟ್ಟಿಗೆ: ಝ್ಲಿನ್‌ನ ಕಾರ್ಖಾನೆಗೂ ಶಾಲೆಗೂ ಅದೇ ಅಳತೆ. ಶೂಗೆ ಮಾತ್ರವಲ್ಲ, ಊರಿಗೂ ಅಚ್ಚು ಇತ್ತು. ಅದನ್ನು ಇಂಗ್ಲೆಂಡಿನ ಈಸ್ಟ್ ಟಿಲ್ಬರಿಗೆ, ಕೆನಡಾದ ಬಾಟಾವಾಗೆ ಹೊತ್ತೊಯ್ದರು. ಭಾರತದಲ್ಲಿ 1931ರಲ್ಲಿ ಕಂಪನಿ ನೋಂದಾಯಿಸಿ, ಕಲ್ಕತ್ತಾ ಬಳಿಯ ಕೊನ್ನಗರದಲ್ಲಿ ಚಿಕ್ಕದಾಗಿ ಆರಂಭಿಸಿ, 1934ರಲ್ಲಿ ಹೂಗ್ಲಿ ದಡದ ಬಾಟಾನಗರಕ್ಕೆ ಅಡಿಗಲ್ಲು ಹಾಕಿದರು. ಮುಂದೆ ನಮ್ಮ ಪೀಣ್ಯದಲ್ಲೂ ಪಕ್ಕದ ಹೊಸೂರಿನಲ್ಲೂ ಕಾರ್ಖಾನೆಗಳಾದವು.

ತೊಮಾಶ್ 1932ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಮಲತಮ್ಮ ಯಾನ್ ಪಟ್ಟಕ್ಕೆ ಬಂದ. ನಾಜಿಗಳು ಬಂದಾಗ ತೊಮಾಶ್‌ನ ಮಗ ಥಾಮಸ್ ಕೆನಡಾ ಸೇರಿದ. 1945ರಲ್ಲಿ ಝ್ಲಿನ್ ಕಾರ್ಖಾನೆ ರಾಷ್ಟ್ರೀಕರಣವಾಯಿತು. ಚಿಕ್ಕಪ್ಪ ಯಾನ್ ಮತ್ತು ಅಣ್ಣನ ಮಗ ಥಾಮಸ್ ನಡುವೆ ಒಡೆತನದ ಮೊಕದ್ದಮೆ ವರ್ಷಗಟ್ಟಲೆ ನಡೆದು, ಕೊನೆಗೆ ಥಾಮಸ್ ಕೈ ಮೇಲಾಯಿತು. ಕುಟುಂಬದ ಒಡೆತನವೆಂದರೆ ಒಗ್ಗಟ್ಟು ಎಂದು ಹಾಡಿಹೊಗಳುವವರಿಗೆ ನಮ್ಮೂರಿನ ಯಾವ ವಕೀಲರೂ ಇಂಥ ನಾಲ್ಕು ಕಥೆ ಹೇಳಿಯಾರು.

ನನಗೆ ಮುಖ್ಯವಾಗಿ ಕಾಣುವುದು ಬೇರೆ. ತಾಯಿ ಊರೇ ಕೈತಪ್ಪಿದರೂ ಕಂಪನಿ ಬದುಕಿತು. ಥಾಮಸ್ ದೇಶ ಬಿಡುವಾಗ ಕಟ್ಟಡಗಳು ಅಲ್ಲೇ ಉಳಿದವು. ಯಂತ್ರಗಳು, ಪಳಗಿದ ಜನ, ಶೂ ಹೀಗೇ ಇರಬೇಕೆಂಬ ತಿಳಿವಳಿಕೆ ಇಷ್ಟು ಅವನ ಜೊತೆ ಹೋಯಿತು. ಆ ಬಂಡವಾಳದಲ್ಲೇ ಕಂಪನಿ 70ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. ಈಗ ಅದರ ಮುಖ್ಯ ಕಚೇರಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿದೆ. ಬಾಟಾವಾ ಕಾರ್ಖಾನೆ ಮಾತ್ರ 2000ದಲ್ಲಿ ಮುಚ್ಚಿತು, ಈಸ್ಟ್ ಟಿಲ್ಬರಿಯದೂ ನಿಂತಿತು. ಬಾಟಾನಗರದ ಒಂದು ಭಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಗೋಪುರಗಳಿವೆ. ಕಂಪನಿಗೆ ಊರು ಬದಲಿಸುವುದು ಸುಲಭ, ಊರಿಗೆ ಕಂಪನಿ ಬದಲಿಸುವುದು ಕಷ್ಟ.

ಇದನ್ನು ಕೆಜಿಎಫ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. 1880ರಲ್ಲಿ ಇಲ್ಲಿಗೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕೂಡ ಅಪ್ಪ–ಮಕ್ಕಳ ಕಂಪನಿಯೇ. ಮೆಕ್ಸಿಕೊದ ಬೆಳ್ಳಿ, ಸ್ಪೇನಿನ ಸೀಸ ತೋಡಿದ ಅನುಭವ ಹೊತ್ತು ಲಂಡನ್ನಿನಿಂದ ಬಂದವರು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು, ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು, ಕ್ಲಬ್ಬು, ಆಸ್ಪತ್ರೆ, ಕೂಲಿ ಲೈನುಗಳು ಎದ್ದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 2001ರ ಫೆಬ್ರುವರಿ 28ಕ್ಕೆ ಎಲ್ಲ ಮುಗಿಯಿತು. ಸುಮಾರು 800 ಟನ್ ಚಿನ್ನ ಹೋದ ಮೇಲೆ ಉಳಿದದ್ದು ಸಯನೈಡ್ ದಿಬ್ಬ. ಅದರಲ್ಲೂ ಚಿನ್ನ ಸೋಸಲು 1,003 ಎಕರೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ.

ಒಂದು ವ್ಯತ್ಯಾಸವಿದೆ. ಚಿನ್ನ ಇದ್ದದ್ದು ಇಲ್ಲಿ, ಹಾಗಾಗಿ ಟೇಲರ್ ಮನೆತನಕ್ಕೆ ಇಲ್ಲಿಗೆ ಬರದೆ ಗತಿಯಿರಲಿಲ್ಲ. ಶೂ ಕಂಪನಿಗೆ ಅಂಥ ಹಂಗಿಲ್ಲ. ಕೂಲಿ ಎಲ್ಲಿ ಕಡಿಮೆಯೋ ಅಲ್ಲಿಗೆ ಹೋಗುತ್ತದೆ, ನಾಳೆ ಇನ್ನೊಂದೂರಿಗೆ. ಅದನ್ನು ಹಿಡಿದಿಡುವುದು ಜಮೀನಿನ ರಿಯಾಯಿತಿಯಲ್ಲ, ಅಲ್ಲಿ ಮಾತ್ರ ಸಿಗುವ ಪರಿಣತಿ.

ಹಿಡಿದಿಟ್ಟ ಊರು ದೂರವೇನಿಲ್ಲ. ಬಂಗಾರಪೇಟೆಯಿಂದ ಚೆನ್ನೈ ಕಡೆ ರೈಲು ಹತ್ತಿದರೆ ಕುಪ್ಪಂ, ಜೋಲಾರಪೇಟೆ, ವಾಣಿಯಂಬಾಡಿ ದಾಟಿ ಆಂಬೂರು. ಬಿರಿಯಾನಿಗೆ ಹೆಸರಾದ ಅದು ಚರ್ಮದ ಊರೂ ಹೌದು. ಕೆಜಿಎಫ್ ಗಣಿಗೆ ಕೂಲಿಗಳನ್ನು ಕಳಿಸಿದ್ದೂ ಇದೇ ಉತ್ತರ ಆರ್ಕಾಟು ಸೀಮೆ. ಅಲ್ಲಿನ ವ್ಯಾಪಾರಿ ಮನೆತನಗಳು ತಲೆಮಾರುಗಟ್ಟಲೆ ಅರೆಹದದ ಚರ್ಮವನ್ನಷ್ಟೇ ಹಡಗಿಗೆ ತುಂಬುತ್ತಿದ್ದವು. ಶೂ ಮಾಡಿ ದುಡ್ಡು ಎಣಿಸುವವರು ಯುರೋಪಿನವರಾಗಿದ್ದರು. 1972ರ ಸೀತಾರಾಮಯ್ಯ ಸಮಿತಿಯ ನಂತರ ಕೇಂದ್ರ ಸರ್ಕಾರ ಹಸಿ ಚರ್ಮದ ರಫ್ತು ನಿಲ್ಲಿಸಿ, ಅರೆಹದದ್ದಕ್ಕೂ ಕಡಿವಾಣ ಹಾಕಿತು. ವ್ಯಾಪಾರಿಗಳು ಗೊಣಗುತ್ತಲೇ ಪೂರ್ತಿ ಹದ ಮಾಡುವುದನ್ನು ಕಲಿತರು, ಆಮೇಲೆ ಶೂವಿನ ಮೇಲ್ಭಾಗ, ಆಮೇಲೆ ಇಡೀ ಶೂ. ಇಂದು ಆಂಬೂರಿನ ಕುಟುಂಬ ಕಂಪನಿಗಳು ಯುರೋಪಿನ ಹೆಸರುವಾಸಿ ಬ್ರ್ಯಾಂಡ್‌ಗಳಿಗೆ ಶೂ ಮಾಡುತ್ತಿವೆ. ಪಾಲಾರ್ ನದಿ ಅದಕ್ಕೆ ತೆತ್ತ ಬೆಲೆ ದೊಡ್ಡದು, ಅದನ್ನು ಮರೆಮಾಚಬಾರದು. ಆದರೂ ಕಲಿಕೆ ಅಲ್ಲೇ ನೆಲೆ ನಿಂತಿತು.

ಇನ್ನು ನಮ್ಮ ಅಥಣಿ. ಅಲ್ಲಿ ಚಪ್ಪಲಿ ಮಾಡುವ ಪ್ರತಿ ಮನೆಯೂ ಒಂದು ಕುಟುಂಬ ಕಂಪನಿಯೇ: ಗಂಡಸು ಚರ್ಮ ಕತ್ತರಿಸಿದರೆ ಹೆಂಗಸು ಹೆಣೆಯುತ್ತಾಳೆ. ಮಾರುಕಟ್ಟೆ ಕೊಲ್ಹಾಪುರದಲ್ಲಿದ್ದುದರಿಂದ ಹೆಸರೂ ಕೊಲ್ಹಾಪುರಿ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ಹಕ್ಕು ಆ ರಾಜ್ಯದ ಚರ್ಮೋದ್ಯಮ ನಿಗಮಕ್ಕೂ ನಮ್ಮ ರಾಜ್ಯದ ನಿಗಮವಾದ ಲಿಡ್ಕರ್‌ಗೂ ಜಂಟಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ (1913ರಲ್ಲಿ ಹುಟ್ಟಿದ ಅದೂ ಒಂದು ಮನೆತನದ ಕಂಪನಿ) ಮಿಲಾನ್ ಷೋನಲ್ಲಿ ಇಂಥದೇ ಚಪ್ಪಲಿ ಮೆರೆಸಿ, ಗದ್ದಲವಾದ ಮೇಲೆ ಭಾರತದ ಋಣ ಒಪ್ಪಿಕೊಂಡಿತು. ಅಥಣಿಗೆ ಕೈಯಿದೆ, ಚರ್ಮವಿದೆ, ವಿನ್ಯಾಸವೂ ಇದೆ. ಇಲ್ಲದ್ದು ತನ್ನ ಹೆಸರಿನಲ್ಲಿ ಮಾರುವ ಅಂಗಡಿ.

ಆದ್ದರಿಂದ ಕೆಜಿಎಫ್‌ಗೆ ಶೂ ಕಂಪನಿ ಬರುವುದಾದರೆ ಕರಾರಿನಲ್ಲಿ ಎಷ್ಟು ಜನಕ್ಕೆ ಕೆಲಸ ಎಂಬ ಒಂದೇ ಸಾಲು ಸಾಲದು. ಅಚ್ಚು ಕಡೆಯುವ ಘಟಕ ಎಲ್ಲಿರುತ್ತದೆ? ವಿನ್ಯಾಸದ ಕೋಣೆಯಲ್ಲಿ ಇಲ್ಲಿನವರು ಎಷ್ಟು ಮಂದಿ? ಹತ್ತು ವರ್ಷ ಹೊಲಿಗೆ ಮಿಷನ್ ಮುಂದೆ ಕೂತ ಹುಡುಗಿಗೆ ಮೇಲ್ವಿಚಾರಕಿಯಾಗುವ ದಾರಿ ಇದೆಯೇ? ಇವನ್ನು ಅಧಿಕಾರಿಗಳು ಕೇಳಬೇಕು. ಹೇಳಿಕೊಡುವವರು ಬೇಕಲ್ಲ ಎಂದು ಅವರು ತಿರುಗಿ ಕೇಳಿದರೆ ಮಾತ್ರ ನಮ್ಮ ಬಾಯಿ ಕಟ್ಟುತ್ತದೆ. ಪಾದರಕ್ಷೆ ವಿನ್ಯಾಸ ಕಲಿಸುವ ಕೇಂದ್ರ ಸರ್ಕಾರದ ಎಫ್‌ಡಿಡಿಐ ಸಂಸ್ಥೆಗೆ ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ ಕ್ಯಾಂಪಸ್ ಇದೆ. ಕರ್ನಾಟಕದಲ್ಲಿ ಇಲ್ಲ.