ಮೊದಲು ಜೀವ, ಆಮೇಲೆ ರಸೀದಿ

ಗಿರಣಿಯ ಯಂತ್ರಕ್ಕೆ ಕೈ ಸಿಕ್ಕವನನ್ನು ಆಸ್ಪತ್ರೆಗೆ ಹೊತ್ತು ತಂದಾಗ ಡಾಕ್ಟರರು ನೋಡುವುದು ಗಾಯವನ್ನು; ಹಣದ ಕೌಂಟರಿನವರು ನೋಡುವುದು ಜೇಬನ್ನು. ಯಾರ ಮಾತು ನಡೆಯಬೇಕು?

ಕಾನೂನು ಇದಕ್ಕೆ ಎಂದೋ ಉತ್ತರ ಕೊಟ್ಟಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದೇ ಪ್ರತಿಯೊಬ್ಬ ವೈದ್ಯರ ಮೊದಲ ಕರ್ತವ್ಯವೆಂದು ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1989ರಲ್ಲಿ ಸಾರಿತು. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಬಾರದು, ಬಾಕಿಗಾಗಿ ಶವವನ್ನು ತಡೆದಿಡಬಾರದು ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಯಿತು.

ಸಂಬಳದ ದಿನದವರೆಗೆ ಅಕ್ಕಿಬೇಳೆ ಉದ್ರಿ ಕೊಡುವ ನಮ್ಮ ಚಿಲ್ಲರೆ ಅಂಗಡಿಯವರಿಗಿರುವ ನಂಬಿಕೆ ಕೋಟಿಗಟ್ಟಲೆ ಬಂಡವಾಳದ ಆಸ್ಪತ್ರೆಗಳಿಗೆ ಏಕಿಲ್ಲ?

ರಾತ್ರಿ ಪಾಳಿಯ ಡಾಕ್ಟರರ ಮೇಲೆ ಕೈಮಾಡುವುದು ಸಲ್ಲದು. ಅವರೂ ಬಹುಮಟ್ಟಿಗೆ ಸಂಬಳಕ್ಕೆ ದುಡಿಯುವವರೇ. ಬಿಲ್ಲಿನ ದರ ಗೊತ್ತುಮಾಡುವವರು ಮಾಲೀಕರು.

ನಮ್ಮ ಬೇಡಿಕೆ ಎರಡು. ತುರ್ತು ಯಾವುದೆಂದು ತೀರ್ಮಾನಿಸುವ ಅಧಿಕಾರ ವೈದ್ಯರದೇ ಆಗಬೇಕು. ಹಣದ ಲೆಕ್ಕ ಅಲ್ಲಿ ಅಡ್ಡಬರಕೂಡದು. ಈ ಕಾನೂನನ್ನು ಪ್ರತಿ ಕೌಂಟರಿನ ಮೇಲೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಬೇಕು. ಮುಂಗಡಕ್ಕೆ ಪಟ್ಟು ಹಿಡಿದವರ ಮೇಲೆ ಜಿಲ್ಲಾಧಿಕಾರಿಗಳಿಗೆ ದೂರು ಕೊಡಿ. ಸಂಘದ ಮೂಲಕವೇ ಕೊಡಿ. ಒಬ್ಬನ ಅರ್ಜಿ ಕಡತದಲ್ಲಿ ಮಲಗುತ್ತದೆ, ನೂರು ಜನರದು ಮಲಗದು.