ದೇವಗಡದ ದೀಪ

ಭಾರತದ ದೀಪಸ್ತಂಭಗಳಿಗೆ ಈಚೆಗೆ ಹೊಸ ಪ್ರತಿಷ್ಠೆ ಒದಗಿದೆ. 1927ರ ದೀಪಸ್ತಂಭ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಬಂದ ಶಾಸನವು ಹಳೆಯ ಸ್ತಂಭಗಳನ್ನು ಪಾರಂಪರಿಕವೆಂದು ಸಾರಿ, ವಿದ್ಯೆ ಸಂಸ್ಕೃತಿ ಪ್ರವಾಸಗಳಿಗೂ ತೆರೆಯಲು ಅವಕಾಶವಿತ್ತಿತು. 2024ರ ಫೆಬ್ರುವರಿಯಲ್ಲಿ 75 ದೀಪಸ್ತಂಭಗಳ ಪ್ರವಾಸಿ ಸೌಕರ್ಯಗಳು ಲೋಕಾರ್ಪಣೆಗೊಂಡವು. ಇದು ಸ್ತುತ್ಯವೇ. ಆದರೆ ದೀಪವು ನೋಟದ ವಸ್ತುವಾಗುವ ಭರದಲ್ಲಿ ದಾರಿ ತೋರುವ ಅದರ ಮೂಲಧರ್ಮ ಮರೆಯಾಗಬಾರದು.

ಕಾರವಾರ ಬಂದರಿನ ಹೊರಗೆ, ದೇವಗಡ ದ್ವೀಪದ ಮೇಲೆ 1864ರಿಂದ ನಿಂತಿರುವ ದೀಪಸ್ತಂಭದ ಚರಿತ್ರೆಯನ್ನೇ ನೋಡಬಹುದು. ಅದು ಹುಟ್ಟಿದ ಕಾಲ ಪರೋಪಕಾರದ ಕಾಲವಲ್ಲ, ವ್ಯಾಪಾರದ ಕಾಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡು ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಹಡಗು ಸೇರಲು ಬಂದರೊಂದು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಈ ಹವಣಿಕೆಯಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಮುಂದೆ ರೈಲು ಮುರ್ಮುಗೋವೆಯನ್ನು ಮುಟ್ಟಿದಾಗ ಘಟ್ಟದ ಮೇಲಿನ ಸರಕು ಆ ಕಡೆಗೆ ಹರಿಯಿತು. ದೀಪ ಮಾತ್ರ ಆರಲಿಲ್ಲ. ವರ್ತಕನಿಗಾಗಿ ಹಚ್ಚಿದ ಬೆಳಕು ಮೀನುಗಾರನ ಪಾಲಿಗೂ ಉಳಿಯಿತು.

ಉಪಗ್ರಹವೇ ದಾರಿ ಹೇಳುವಾಗ ದೀಪವೇಕೆಂದು ಕೇಳುವವರುಂಟು. ಕಡಲಿನಿಂದ ಬಹುದೂರದ ದೇವನಹಳ್ಳಿಯೇ ಇದಕ್ಕೆ ಉತ್ತರ ಹೇಳೀತು. ಆ ಬಯಲಿನಲ್ಲಿ 2008ರಿಂದ ವಿಮಾನಗಳ ಬಂದರೊಂದಿದೆ. ಅಲ್ಲಿಗಿಳಿಯುವ ವಿಮಾನಕ್ಕೆ ರೇಡಿಯೋ ಸಂಕೇತವುಂಟು, ಉಪಗ್ರಹದ ನೆರವುಂಟು. ಆದರೂ ರನ್‌ವೇಯ ದೀಪಗಳು ಬೇಡವೆಂದು ಯಾರೂ ಹೇಳಿಲ್ಲ. ಚಳಿಗಾಲದ ಮುಂಜಾನೆ ಮಂಜು ಕವಿದಾಗ ಅವುಗಳ ಬೆಲೆ ಇನ್ನೂ ಹೆಚ್ಚು. ಒಂದು ಸಾಧನ ತಪ್ಪಿದರೆ ಇನ್ನೊಂದು ಕೈಹಿಡಿಯಬೇಕು. ಇದು ಪ್ರಯಾಣದ ಪ್ರಥಮ ನೀತಿ. ಸಾಧನ ತಪ್ಪುವುದು ಕೇವಲ ಕಲ್ಪನೆಯೂ ಅಲ್ಲ. 2025ರ ಜೂನ್ ತಿಂಗಳಲ್ಲಿ ಹಾರ್ಮುಜ್ ಜಲಸಂಧಿಯ ಆಸುಪಾಸಿನಲ್ಲಿ ಉಪಗ್ರಹ ಸಂಕೇತಗಳು ಕದಡಿ, ನೂರಾರು ಹಡಗುಗಳ ಯಂತ್ರಗಳು ತಾವಿರುವ ಸ್ಥಳವನ್ನೇ ತಪ್ಪಾಗಿ ತೋರಿದವು. ಕಲ್ಲಿನ ಮೇಲೆ ಉರಿಯುವ ದೀಪವನ್ನು ಹಾಗೆ ದೂರದಿಂದ ಕದಡಲಾಗದು.

ಇಲ್ಲಿ ಇನ್ನೊಂದು ಸಾಮಾಜಿಕ ಪ್ರಶ್ನೆಯೂ ಅಡಗಿದೆ. ದೀಪದ ವೆಚ್ಚಕ್ಕಾಗಿ ಸುಂಕ ತೆರುವುದು ಬಂದರಿಗೆ ಬರುವ ದೊಡ್ಡ ಹಡಗು. ಆದರೆ ಅದರ ನೆರವು ಹೆಚ್ಚು ಬೇಕಾದುದು ರಾತ್ರಿ ಬಲೆ ಬೀಸಿ ಮರಳುವ ಸಣ್ಣ ದೋಣಿಗೆ. ದೊಡ್ಡ ಹಡಗಿನಲ್ಲಿ ಒಂದು ಯಂತ್ರ ಕೆಟ್ಟರೆ ಮತ್ತೊಂದಿದೆ. ದೋಣಿಯವನ ಕೈಯ ಯಂತ್ರ ನೀರು ಕುಡಿದರೆ ಅವನಿಗುಳಿಯುವುದು ಕಣ್ಣು, ಮತ್ತು ಕಣ್ಣಿಗೆ ಕಾಣುವ ಆ ಬೆಳಕು. ಪ್ರವಾಸಿಗಳ ಸಂಖ್ಯೆಯಿಂದಲೋ ಸುಂಕದ ಮೊತ್ತದಿಂದಲೋ ದೀಪದ ಯೋಗ್ಯತೆಯನ್ನು ಅಳೆದರೆ ಇವನು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ನೌಕಾಯಾನಕ್ಕೆ ನೆರವಾಗುವ ಕಾರ್ಯದ *ಜೊತೆಗೆ* ಮಾತ್ರ ಇತರ ಉಪಯೋಗಗಳೆಂಬುದು 2021ರ ಶಾಸನದ ಆಶಯ. ಆಡಳಿತವು ಈ ಕ್ರಮವನ್ನು ತಲೆಕೆಳಗು ಮಾಡದಿದ್ದರೆ ಸಾಕು. ದೀಪಸ್ತಂಭಕ್ಕೆ ಸುಣ್ಣ ಬಳಿಯುವ ಮುನ್ನ ದೀಪಕ್ಕೆ ಎಣ್ಣೆಯಿದೆಯೇ ಎಂದು ನೋಡುವುದು ಮನೆವಾರ್ತೆ ಬಲ್ಲವರ ಲಕ್ಷಣ.