ಬೀಳುಬಿದ್ದ ಗದ್ದೆಯ ಭಾರ ಯಾರದು?

ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿಯು 2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ತುಂಡಾಗಿ, ಗೇಟು ಹೊಳೆಯ ಪಾಲಾದ ಸಂಗತಿಯನ್ನು ವಾಚಕರು ಮರೆತಿರಲಾರರು. ಭೋರ್ಗರೆಯುವ ನೀರಿನ ನಡುವೆಯೇ ಒಂದು ವಾರದಲ್ಲಿ ಉಕ್ಕಿನ ಹಲಗೆಗಳನ್ನಿಳಿಸಿ ಕಂಡಿಯನ್ನು ಮುಚ್ಚಿದವರ ಸಾಹಸವು ಸ್ತುತ್ಯವಾದುದು. ಆದರೆ ಅಂತಹ ಸಾಹಸಕ್ಕೆ ಪ್ರಸಂಗವೊದಗಿದುದೇಕೆ? ಎಪ್ಪತ್ತು ವರ್ಷ ನೀರಿನಲ್ಲಿ ಸವೆದ ಗೇಟನ್ನು ಬದಲಿಸುವ ಯೋಚನೆಯು ಅದು ಮುರಿದುಬಿದ್ದ ಮೇಲೆ ಹುಟ್ಟಿತು. ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆಯಾದರೋ ಹಂಪೆಯ ಬಾಳೆತೋಟಗಳಿಗೆ ಇಂದಿಗೂ ನೀರುಣಿಸುತ್ತಿದೆ!

2025ರಲ್ಲಿ ಜಲಾಶಯದೊಳಗೆ 80 ಟಿ.ಎಂ.ಸಿ.ಯಷ್ಟೇ ನೀರು ನಿಲ್ಲಿಸಿ, 33 ಗೇಟುಗಳನ್ನೂ ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ಸಾರಲಾಯಿತು. ಈ ನಿರ್ಣಯವನ್ನು ನಾವು ಆಕ್ಷೇಪಿಸುವುದಿಲ್ಲ; ಕಟ್ಟೆಯುಳಿದರಲ್ಲವೇ ಗದ್ದೆ? ಆದರೆ ಸರಕಾರದ ಆಲಸ್ಯಕ್ಕೆ ರೈತನು ಒಂದು ಬೆಳೆಯನ್ನು ತೆರಬೇಕಾದಲ್ಲಿ, ಆ ನಷ್ಟವನ್ನು ತುಂಬಿಕೊಡುವುದು ದಾನವಲ್ಲ, ಋಣ. ಪಹಣಿಯನ್ನು ನೋಡಿ ಹಣ ಹಂಚಿದ ಮಾತ್ರಕ್ಕೆ ಆ ಋಣವು ತೀರದು. ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆಯ ರೈತನ ಗತಿಯೇನು? ನಾಟಿಯ ಕೂಲಿಯನ್ನೇ ನಂಬಿದ ಹೆಂಗಸರ ಗತಿಯೇನು? ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣವು 2023ರ ಜೂನಿನಿಂದ ಉಚಿತವಾಗಿದೆ, ಒಳ್ಳೆಯದು. ಸಸಿ ನೆಡುವ ಗದ್ದೆಯೇ ಬೀಳುಬಿದ್ದಾಗ ಕಂಪ್ಲಿಯ ಕೂಲಿಯವಳು ಆ ಚೀಟಿ ಹಿಡಿದು ಹೋಗತಕ್ಕುದೆಲ್ಲಿಗೆ?

ಕಂದಾಯ ಇಲಾಖೆಯವರು ಕಚೇರಿಯಲ್ಲಿ ಕುಳಿತಿರದೆ ಕೇರಿಕೇರಿಗೆ ಹೋಗಿ, ಉತ್ತವರ ಮತ್ತು ನೆಟ್ಟವರ ಹೆಸರುಗಳನ್ನು ಬರೆದುಕೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ.